ಜನವರಿಯಲ್ಲಿ ಸ್ಪಿತಿಗೆ ಡೀಸೆಲ್ ಗಾಡಿ: ಟ್ಯಾಂಕಿನಲ್ಲೇ ಡೀಸೆಲ್ ಗಟ್ಟಿಯಾಗುತ್ತದಂತೆ, ನಿಜವಾ?

ಹುಬ್ಬಳ್ಳಿ_ಅಲೆಮಾರಿ

ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ನಾವು ನಾಲ್ಕು ಜನ ಹುಬ್ಬಳ್ಳಿಯಿಂದ ಗಾಡಿಯಲ್ಲೇ ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ. ಬೇಸಿಗೆಯಲ್ಲಿ ಒಮ್ಮೆ ಹೋಗಿ ಬಂದಿದ್ದೇನೆ, ಹಿಮ ಬಿದ್ದಾಗ ನೋಡಬೇಕು ಅಂತ ಆಗಿನಿಂದ ತಲೆಯಲ್ಲಿ ಕೂತಿದೆ. ಗಾಡಿ 2021ರ ಡೀಸೆಲ್ ಎಸ್‌ಯುವಿ, ಬಿಎಸ್-6. ಚಳಿಗಾಲದಲ್ಲಿ ಮನಾಲಿ ಕಡೆಯಿಂದ ಕುಂಜುಮ್ ಪಾಸ್ ಮುಚ್ಚಿರುವುದರಿಂದ ಚಂಡೀಗಢ, ಶಿಮ್ಲಾ, ರಾಂಪುರ, ರೆಕಾಂಗ್ ಪಿಯೋ, ನಾಕೋ, ಟಾಬೋ, ಕಾಜಾ ಹೀಗೆ ಹೋಗುವ ಲೆಕ್ಕ.

ಸಮಸ್ಯೆ ಏನಪ್ಪಾ ಅಂದರೆ, ಗೆಳೆಯನ ಗೆಳೆಯನೊಬ್ಬ ಹೋದ ವರ್ಷ ನಾಕೋದಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದನಂತೆ, ಸ್ಟಾರ್ಟ್ ಏನೋ ಆಯಿತಂತೆ, ಒಂದು ಕಿಲೋಮೀಟರ್ ಹೋಗಿ ಉಸಿರುಕಟ್ಟಿದ ಹಾಗೆ ನಿಂತುಬಿಟ್ಟಿತಂತೆ. ಡೀಸೆಲ್ ಗಟ್ಟಿಯಾಗಿದೆ ಅಂದರಂತೆ ಅಲ್ಲಿನವರು. ಇದನ್ನು ಕೇಳಿದ ಮೇಲೆ ನಾನು ಮೂರು ಜನರನ್ನು ವಿಚಾರಿಸಿದೆ, ಮೂರು ಉತ್ತರ ಬಂತು. ಒಬ್ಬರು ಹತ್ತು ಲೀಟರಿಗೆ ಒಂದು ಲೀಟರ್ ಸೀಮೆಎಣ್ಣೆ ಹಾಕು ಅಂದರು. ಇನ್ನೊಬ್ಬರು ರಾತ್ರಿಯಿಡೀ ಇಂಜಿನ್ ಆಫ್ ಮಾಡಲೇಬೇಡ ಅಂದರು. ಮೂರನೆಯವರು, ಉತ್ತರ ಭಾರತದ ಬಂಕ್‌ಗಳಲ್ಲಿ ಚಳಿಗಾಲಕ್ಕೆ ಬೇರೆ ಡೀಸೆಲ್ ಕೊಡುತ್ತಾರೆ, ನೀನು ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅಂದರು.

ನಮ್ಮೂರಿನಲ್ಲಿ ಚಳಿ ಅಂದರೆ ಸ್ವೆಟರ್ ಹಾಕಿಕೊಂಡು ಮಿರ್ಚಿ ತಿನ್ನುವ ಚಳಿ. -20 ಅಂದರೆ ಏನು ಅಂತ ಊಹೆಗೂ ಬರುತ್ತಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಬಯಲುಸೀಮೆ_ಬಸಣ್ಣ

ಪೆಟ್ರೋಲ್ ಗಾಡಿ ತಗೊಂಡು ಹೋಗಿ. ಸಮಸ್ಯೆ ಮುಗಿಯಿತು 😀

ಕುಡ್ಲದ_ಕೆಮಿಸ್ಟ್

ಬಸಣ್ಣ ತಮಾಷೆಗೆ ಹೇಳಿದರೂ ಅದು ಸರಿಯೇ. ಪೆಟ್ರೋಲ್‌ಗೆ ಈ ಕಾಟವಿಲ್ಲ. ನಮ್ಮ ದೇಶದಲ್ಲಿ ಬೀಳುವ ಯಾವ ಚಳಿಗೂ ಅದು ಹೆಪ್ಪುಗಟ್ಟುವುದಿಲ್ಲ. ಡೀಸೆಲ್ ಕಥೆ ಬೇರೆ. ನಾನು ತೈಲ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಹಲವು ವರ್ಷ ಕೆಲಸ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಡಿಸೆಂಬರ್‌ನಲ್ಲಿ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿದ್ದೀರಲ್ಲ? ಮೊದಲು ಎಣ್ಣೆ ಮಂಕಾಗುತ್ತದೆ, ತಳದಲ್ಲಿ ಬಿಳಿ ಕಾಣುತ್ತದೆ, ಆಮೇಲೆ ಪೂರ್ತಿ ಗಟ್ಟಿ. ಬಿಸಿನೀರಿನಲ್ಲಿ ಇಟ್ಟರೆ ಮತ್ತೆ ತಿಳಿ. ಡೀಸೆಲ್‌ನಲ್ಲೂ ಹೆಚ್ಚುಕಡಿಮೆ ಇದೇ. ಅದರಲ್ಲಿ ಪ್ಯಾರಾಫಿನ್ ಮೇಣ ಕರಗಿಕೊಂಡಿರುತ್ತದೆ, ಮೇಣದಬತ್ತಿಯ ಜಾತಿಯದೇ. ಅದು ಕಸ ಅಲ್ಲ, ಚೆನ್ನಾಗಿ ಉರಿಯುವ ಭಾಗವೇ ಅದು. ಡೀಸೆಲ್ ತಣ್ಣಗಾದಾಗ ಆ ಮೇಣ ಸಣ್ಣ ಹರಳುಗಳಾಗಿ ಹೊರಗೆ ಬರುತ್ತದೆ, ಡೀಸೆಲ್ ಮಂಕಾಗುತ್ತದೆ. ಇದಕ್ಕೆ ಕ್ಲೌಡ್ ಪಾಯಿಂಟ್ ಅನ್ನುತ್ತಾರೆ. ಇನ್ನೂ ತಣ್ಣಗಾದರೆ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಜಾಲರಿಯಾಗುತ್ತವೆ, ಕೊನೆಗೆ ಡಬ್ಬಿ ಬಗ್ಗಿಸಿದರೂ ಡೀಸೆಲ್ ಹರಿಯುವುದಿಲ್ಲ. ಅದು ಪೋರ್ ಪಾಯಿಂಟ್.

ಆದರೆ ಗಾಡಿ ನಿಲ್ಲುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ನಡುವೆ ಇನ್ನೊಂದು ಹಂತವಿದೆ, ಅದೇ ನಿಜವಾದ ಯಮ. ಡೀಸೆಲ್ ಇನ್ನೂ ದ್ರವವಾಗಿಯೇ ಇರುತ್ತದೆ, ಆದರೆ ಹರಳುಗಳು ಫಿಲ್ಟರ್‌ಗೆ ಹೋಗಿ ಮೆತ್ತಿಕೊಳ್ಳುತ್ತವೆ. ಅದಕ್ಕೇ ನಿಮ್ಮ ಗೆಳೆಯನ ಗೆಳೆಯನ ಗಾಡಿ ಸ್ಟಾರ್ಟ್ ಆಗಿ, ಒಂದು ಕಿಲೋಮೀಟರ್ ಹೋಗಿ ನಿಂತದ್ದು. ಪೈಪಿನಲ್ಲಿ, ಪಂಪಿನಲ್ಲಿ ಇದ್ದಷ್ಟು ಡೀಸೆಲ್‌ಗೆ ಇಂಜಿನ್ ಓಡಿತು, ಅಷ್ಟರಲ್ಲಿ ಫಿಲ್ಟರ್ ಕಟ್ಟಿಕೊಂಡಿತು. ಲ್ಯಾಬ್‌ನಲ್ಲಿ ಇದನ್ನು ಅಳೆಯುವ ಪರೀಕ್ಷೆಯೇ ಇದೆ, ಸಿಎಫ್‌ಪಿಪಿ ಅಂತ. ಡೀಸೆಲ್ ತಣ್ಣಗೆ ಮಾಡುತ್ತಾ ಒಂದೊಂದು ಡಿಗ್ರಿ ಇಳಿದಾಗಲೂ 45 ಮೈಕ್ರಾನ್ ಜಾಲರಿಯ ಮೂಲಕ ಅದನ್ನು ಎಳೆಯುತ್ತೇವೆ. 60 ಸೆಕೆಂಡ್‌ನಲ್ಲಿ 20 ಮಿಲಿ ಮೇಲೆ ಬರಲಿಲ್ಲ ಅಂದರೆ ಅಲ್ಲಿಗೆ ಫೇಲ್.

ಈಗ ನಿಮ್ಮ ಮೂರನೇ ಸಲಹೆಗಾರರ ವಿಷಯ. ಅವರು ಹೇಳಿದ್ದು ಅರ್ಧ ಸತ್ಯ, ಹಾಗಾಗಿ ಜಾಸ್ತಿ ಅಪಾಯ. ಡೀಸೆಲ್‌ನ ಭಾರತೀಯ ಮಾನಕ ಐಎಸ್ 1460ರಲ್ಲಿ ಬೇಸಿಗೆ, ಚಳಿಗಾಲ ಅಂತ ಎರಡು ಮಿತಿ ಇರುವುದು ನಿಜ. ಬೇಸಿಗೆಯಲ್ಲಿ ಸಿಎಫ್‌ಪಿಪಿ ಗರಿಷ್ಠ 18 ಡಿಗ್ರಿ, ಚಳಿಗಾಲದಲ್ಲಿ ಗರಿಷ್ಠ 6 ಡಿಗ್ರಿ. ಸರಿಯಾಗಿ ನೋಡಿ, 6ರ ಹಿಂದೆ ಮೈನಸ್ ಇಲ್ಲ! ಪೋರ್ ಪಾಯಿಂಟ್ ಕೂಡ 3 ಡಿಗ್ರಿವರೆಗೆ ಇರಬಹುದು. ಅದೂ ಮೈನಸ್ ಅಲ್ಲ. ಅಂದರೆ ಅದು ದೆಹಲಿ, ಚಂಡೀಗಢದ ಚಳಿಗೆ ಮಾಡಿದ ಡೀಸೆಲ್. ಬಂಕ್‌ಗೆ ಬರುವ ಡೀಸೆಲ್ ಈ ಮಿತಿಗಿಂತ ಚೆನ್ನಾಗಿಯೇ ಇರಬಹುದು, ಆದರೆ -20 ತಡೆಯುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಪರ್ವತದ ಡೀಸೆಲ್ ಬೇರೆಯೇ ಇದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗಾಗಿ ವಿಶೇಷ ಚಳಿಗಾಲದ ಡೀಸೆಲ್ ತಂದಿತು, ಪಾಣಿಪತ್ ರಿಫೈನರಿಯಲ್ಲಿ ತಯಾರಾಗುವುದು, ಪೋರ್ ಪಾಯಿಂಟ್ -33. ಲಡಾಖ್, ಕಾರ್ಗಿಲ್, ಕಾಜಾ, ಕೀಲಾಂಗ್ ಇಂಥ ಜಾಗಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ್ದು. ಮೈದಾನದ ‘ಚಳಿಗಾಲದ ಡೀಸೆಲ್’ ಮತ್ತು ಈ ಡೀಸೆಲ್ ಒಂದೇ ಅಂದುಕೊಂಡವರ ಗಾಡಿಯೇ ನಾಕೋದಲ್ಲಿ ನಿಲ್ಲುವುದು.

ಹುಬ್ಬಳ್ಳಿ_ಅಲೆಮಾರಿ

ಅಯ್ಯೋ, ಪ್ಲಸ್ 6 ಅಂತ ಗೊತ್ತೇ ಇರಲಿಲ್ಲ. ಹಾಗಾದರೆ ನಾನು ಶಿಮ್ಲಾದಲ್ಲಿ ಟ್ಯಾಂಕ್ ಫುಲ್ ಮಾಡಿಕೊಂಡು ಹೋದರೆ ಅದೇ ಡೀಸೆಲ್ ನಾಕೋ, ಟಾಬೋದಲ್ಲಿ ಎರಡು ರಾತ್ರಿ ಕಳೆಯಬೇಕು. ಕಾಜಾದಲ್ಲಿ ಆ -33 ಡೀಸೆಲ್ ಸಿಕ್ಕಿದರೂ ಅಲ್ಲಿಗೆ ತಲುಪುವುದು ಹೇಗೆ? ಸೀಮೆಎಣ್ಣೆ ಹಾಕಿಕೊಂಡೇ ಹೋಗಬೇಕಾ?

ನಿವೃತ್ತ_ಸಾರಥಿ_ಗದಗ

ತಮ್ಮಾ, ನಾನು ಸೈನ್ಯದಲ್ಲಿ ಲಾರಿ ಓಡಿಸಿದವನು. ಕಾರ್ಗಿಲ್, ದ್ರಾಸ್ ಕಡೆ ಎರಡು ಚಳಿಗಾಲ ಕಳೆದಿದ್ದೇನೆ. ಈಗ ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ, ತಪ್ಪಿದ್ದರೆ ಅವಳದು.

ನಮ್ಮ ಕಾಲದಲ್ಲಿ ಎಲ್ಲವನ್ನೂ ಮಾಡಿದ್ದೇವೆ. ಸೀಮೆಎಣ್ಣೆ ಬೆರೆಸಿದ್ದೇವೆ. ರಾತ್ರಿ ಡ್ಯೂಟಿ ಹಾಕಿ ಎರಡು ತಾಸಿಗೊಮ್ಮೆ ಎದ್ದು ಹೋಗಿ ಒಂದೊಂದೇ ಲಾರಿ ಸ್ಟಾರ್ಟ್ ಮಾಡಿ ಕಾಲು ತಾಸು ಓಡಿಸಿ ಆಫ್ ಮಾಡಿ ಬಂದಿದ್ದೇವೆ. ಬುಖಾರಿ ಒಲೆ ಪಕ್ಕದ ಬೆಚ್ಚಗಿನ ಹಾಸಿಗೆಯಿಂದ ಎದ್ದು ಆ ಗಾಳಿಯಲ್ಲಿ ಹೋಗುವಾಗ ಯಾಕಾದರೂ ಡ್ರೈವರ್ ಆದೆನೋ ಅನ್ನಿಸುತ್ತಿತ್ತು. ಬ್ಯಾಟರಿ ಬಿಚ್ಚಿ ಒಳಗೆ ತಂದು ಹಾಸಿಗೆ ಕೆಳಗೆ ಇಟ್ಟುಕೊಂಡದ್ದೂ ಉಂಟು.

ಇನ್ನು ಬೆಂಕಿ. ಟ್ಯಾಂಕಿನ ಕೆಳಗೆ ತಗಡಿನ ಡಬ್ಬಿಯಲ್ಲಿ ಬೆಂಕಿ ಹಾಕುವುದು, ಬ್ಲೋ ಲ್ಯಾಂಪ್ ಹಚ್ಚಿ ಇಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಹಿಡಿಯುವುದು. ದಾರಿಯಲ್ಲಿ ಸಿಗುವ ಟ್ರಕ್ಕಿನವರೂ ಹಾಗೇ ಮಾಡುತ್ತಿದ್ದರು. ನೋಡುವವರಿಗೆ ಎದೆ ಝಲ್ ಅನ್ನುತ್ತದೆ, ಆದರೆ ಆಗ ಟ್ಯಾಂಕ್ ದಪ್ಪ ಕಬ್ಬಿಣದ್ದು, ಸುತ್ತ ವೈರಿಂಗ್ ಇಲ್ಲ, ಮಾಡುವವನಿಗೂ ಕೈ ಪಳಗಿರುತ್ತಿತ್ತು. ಆದರೂ ಒಮ್ಮೆ ನನ್ನ ಕಣ್ಣೆದುರೇ ತಾಡಪಾಲಿಗೆ ಬೆಂಕಿ ಹತ್ತಿತು, ಹಿಮ ಬಾಚಿ ಬಾಚಿ ಎಸೆದು ಆರಿಸಿದೆವು. ನೀನು ಮಾತ್ರ ಇದನ್ನು ಮಾಡಬೇಡ. ನಿನ್ನ ಗಾಡಿಯ ಟ್ಯಾಂಕ್ ಪ್ಲಾಸ್ಟಿಕ್‌ದೇ ಇರಬೇಕು, ಕರಗಿ ಕೆಳಗೆ ಬೀಳುತ್ತದೆ.

ಸೀಮೆಎಣ್ಣೆ ಬಗ್ಗೆ ಹೇಳುವುದಾದರೆ, ಹಳೆಯ ಪಂಪಿನ ಇಂಜಿನ್‌ಗೆ ನಡೆಯುತ್ತಿತ್ತು. ಈಗಿನ ಇಂಜಿನ್‌ಗೆ ನಡೆಯುತ್ತದೋ ಇಲ್ಲವೋ ಮೆಕ್ಯಾನಿಕ್ ಮಂದಿ ಹೇಳಲಿ.

ನನ್ನ ಕಡೆಯಿಂದ ಒಂದು ಮಾತು. ಗಾಡಿ ಎಲ್ಲಿ ನಿಲ್ಲಿಸುತ್ತೀ ಅನ್ನುವುದು ಡೀಸೆಲ್‌ನಷ್ಟೇ ಮುಖ್ಯ. ನದಿ ಪಕ್ಕ, ಗಾಳಿ ಬೀಸುವ ಬಯಲಲ್ಲಿ ನಿಲ್ಲಿಸಬೇಡ. ಗೋಡೆ ಮರೆಗೆ ನಿಲ್ಲಿಸು, ಮೂತಿ ಮೂಡಣ ಕಡೆ ಇರಲಿ. ಬೆಳಿಗ್ಗೆ ಮೊದಲ ಬಿಸಿಲು ಬಾನೆಟ್ ಮೇಲೆ ಬೀಳಬೇಕು. ಆ ಬಿಸಿಲಿಗೆ ಬಹಳ ಶಕ್ತಿ ಇದೆ. ಹ್ಯಾಂಡ್‌ಬ್ರೇಕ್ ಹಾಕಬೇಡ, ಹಿಡಿದುಕೊಂಡುಬಿಡುತ್ತದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡು. ಮತ್ತೆ ಬೆಳಿಗ್ಗೆ ಆರಕ್ಕೇ ಹೊರಡುತ್ತೇನೆ ಅಂತ ಹಟ ಮಾಡಬೇಡ. ಹತ್ತು ಗಂಟೆಗೆ ಹೊರಟರೆ ಯಾವ ದೇವರೂ ಮುನಿಯುವುದಿಲ್ಲ.

ಗ್ರೀಸ್_ಕೈ

ಸಾರಥಿ ಅಜ್ಜಾರಿಗೆ ನಮಸ್ಕಾರ. ನಾನು ದಾವಣಗೆರೆಯಲ್ಲಿ ಡೀಸೆಲ್ ಪಂಪ್, ನೋಝಲ್ ಕೆಲಸ ಮಾಡುತ್ತೇನೆ. ಸೀಮೆಎಣ್ಣೆ ಬಗ್ಗೆ ನೇರವಾಗಿ ಹೇಳುತ್ತೇನೆ, ಬಿಎಸ್-6 ಗಾಡಿಗೆ ಒಂದು ತೊಟ್ಟೂ ಬೇಡ.

ಯಾಕೆ ಅಂದರೆ, ಈಗಿನ ಡೀಸೆಲ್ ಗಾಡಿಗಳ ಕಾಮನ್ ರೈಲ್ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಜಾರಿಕೆ. ಒಳಗೆ 1600, 2000 ಬಾರ್ ಒತ್ತಡ ಇರುತ್ತದೆ. ಸೀಮೆಎಣ್ಣೆ ತೆಳು, ಜಾರಿಕೆ ಕಡಿಮೆ, ಒಳಗಿನ ಲೋಹ ಉಜ್ಜಿ ಪುಡಿ ಬಿಡುತ್ತದೆ, ಆ ಪುಡಿ ಹೋಗಿ ನಾಲ್ಕೂ ಇಂಜೆಕ್ಟರ್ ತಿನ್ನುತ್ತದೆ. ಆಮೇಲೆ ಗಂಧಕ. ಬಿಎಸ್-6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ದಾಟುವಂತಿಲ್ಲ, ಸೀಮೆಎಣ್ಣೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸೈಲೆನ್ಸರ್ ಕಡೆಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಕ್ಯಾಟಲಿಸ್ಟ್ ಎಲ್ಲಕ್ಕೂ ಅದು ವಿಷ. ನನ್ನ ಅಂಗಡಿಗೆ ಬಂದ ಒಂದು ಗಾಡಿಗೆ ಇಂಜೆಕ್ಟರ್, ಪಂಪ್ ಎರಡೂ ಬದಲಿಸಿದಾಗ ಬಿಲ್ ನೋಡಿ ಓನರ್ ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟ. ಅವನು ಲಡಾಖ್‌ಗೆ ಹೋಗಿರಲಿಲ್ಲ, ಸುಮ್ನೆ ಮೈಲೇಜ್ ಬರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಹಾಕಿದ್ದ!

ರಾತ್ರಿಯಿಡೀ ಇಂಜಿನ್ ಓಡಿಸುವುದೂ ಈ ಗಾಡಿಗೆ ಒಳ್ಳೆಯದಲ್ಲ. ನಿಂತಲ್ಲೇ ಓಡಿದರೆ ಡಿಪಿಎಫ್‌ನಲ್ಲಿ ಮಸಿ ಕಟ್ಟುತ್ತದೆ, ಅದನ್ನು ಸುಡುವಷ್ಟು ಬಿಸಿ ಬರುವುದಿಲ್ಲ. ಗಂಟೆಗೆ ಅರ್ಧದಿಂದ ಒಂದು ಲೀಟರ್ ಡೀಸೆಲ್ ಬೇರೆ ಹೋಗುತ್ತದೆ. ಅದಕ್ಕಿಂತ ಮುಖ್ಯ, ಗಾಡಿಯಲ್ಲೇ ಗಾಜು ಏರಿಸಿಕೊಂಡು ಮಲಗಿ ಇಂಜಿನ್ ಓಡಿಸಬೇಡಿ. ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿಕೊಂಡರೆ ಹೊಗೆ ಒಳಗೆ ಬರುತ್ತದೆ, ಆ ಗ್ಯಾಸ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಇನ್ನು ಹೊರಡುವ ಮೊದಲು ಊರಲ್ಲೇ ಮಾಡಿಸಬೇಕಾದ್ದು. ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿ, ಇನ್ನೊಂದು ಜೊತೆಗೆ ಇಟ್ಟುಕೊಳ್ಳಿ, ಅದನ್ನು ಬದಲಿಸಿ ಏರ್ ತೆಗೆಯುವುದನ್ನು ಮೆಕ್ಯಾನಿಕ್ ಪಕ್ಕ ನಿಂತು ಒಮ್ಮೆ ಕಲಿತುಕೊಳ್ಳಿ. ಫಿಲ್ಟರ್ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ, ಅಲ್ಲಿ ನೀರು ನಿಂತಿದ್ದರೆ ಮೇಣಕ್ಕಿಂತ ಮೊದಲೇ ಅದು ಮಂಜುಗಡ್ಡೆಯಾಗಿ ದಾರಿ ಮುಚ್ಚುತ್ತದೆ. ಎಷ್ಟೋ ಸಲ ‘ಡೀಸೆಲ್ ಗಟ್ಟಿ’ ಅಂತ ಬೈಯುವುದು ನಿಜಕ್ಕೂ ಈ ನೀರನ್ನು. ಸ್ಟಾರ್ಟ್ ಮಾಡುವಾಗ ಇಂಜಿನ್ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ನಾಲ್ಕೂ ಕೆಲಸ ಮಾಡುತ್ತಿವೆಯಾ ಚೆಕ್ ಮಾಡಿಸಿ, ನಮ್ಮ ಕಡೆಯ ಸೆಖೆಯಲ್ಲಿ ಎರಡು ಸತ್ತಿದ್ದರೂ ಗೊತ್ತಾಗುವುದಿಲ್ಲ, ಗಾಡಿ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಮೂರು ವರ್ಷ ದಾಟಿದ್ದರೆ ಬದಲಿಸಿ, -18 ಹೊತ್ತಿಗೆ ಒಳ್ಳೆಯ ಬ್ಯಾಟರಿಯೂ ಅರ್ಧ ಶಕ್ತಿಗೆ ಇಳಿದಿರುತ್ತದೆ, ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸಲು ಜಾಸ್ತಿ ಶಕ್ತಿ ಬೇಕು. ಆಯಿಲ್ 15ಡಬ್ಲ್ಯೂ ಇದ್ದರೆ, ನಿಮ್ಮ ಗಾಡಿ ಪುಸ್ತಕದಲ್ಲಿ ಒಪ್ಪಿಗೆ ಇದ್ದರೆ, ಚಳಿಯಲ್ಲೂ ತೆಳುವಾಗಿರುವ 5ಡಬ್ಲ್ಯೂ-30 ಹಾಕಿಸಿ. ಕೂಲೆಂಟ್‌ಗೆ ನೀರು ಸೇರಿಸಿ ಸೇರಿಸಿ ತೆಳು ಮಾಡಿಕೊಂಡಿದ್ದರೆ ಪೂರ್ತಿ ಬದಲಿಸಿ, ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ನೀರು ಇದ್ದರೆ ಸುಮಾರು -35 ತನಕ ಚಿಂತೆ ಇಲ್ಲ.

ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿ ಕೊಡಿ. ಸೆಲ್ಫ್ ಎಳೆದೆಳೆದು ತಿರುಗುತ್ತಿದ್ದರೆ ಬ್ಯಾಟರಿ. ಚೆನ್ನಾಗಿ ತಿರುಗಿ ಹತ್ತಿಕೊಳ್ಳದಿದ್ದರೆ ಹೀಟರ್ ಪ್ಲಗ್ ಅಥವಾ ಡೀಸೆಲ್. ಸ್ಟಾರ್ಟ್ ಆಗಿ, ಎಕ್ಸಲೇಟರ್ ಕೊಟ್ಟರೆ ಏರದೆ ನಿಂತರೆ ಫಿಲ್ಟರ್‌ನಲ್ಲಿ ಮೇಣ. ಆಗ ಸೆಲ್ಫ್ ಹೊಡೆಯುತ್ತಲೇ ಇರಬೇಡಿ, ಪಂಪ್ ಒಣಗಿ ಓಡಿ ಹಾಳಾಗುತ್ತದೆ.

ಸ್ಟುಟ್‌ಗಾರ್ಟ್_ಶಾನುಭೋಗ

ಇಲ್ಲಿ ಜರ್ಮನಿಯಲ್ಲಿ ಹತ್ತು ಚಳಿಗಾಲ ಡೀಸೆಲ್ ಕಾರ್ ಓಡಿಸಿದ್ದೇನೆ, ಹಾಗಾಗಿ ನನ್ನ ಎರಡು ಕಾಸು... ಬೇಡ ಬಿಡಿ, ಎರಡು ಮಾತು.

ಇಲ್ಲಿ ನಾವು ಏನೂ ಮಾಡಬೇಕಾಗಿಲ್ಲ, ಬಂಕ್‌ನವರೇ ಬದಲಿಸುತ್ತಾರೆ. ನವೆಂಬರ್ 16ರಿಂದ ಫೆಬ್ರವರಿ ಕೊನೆತನಕ ಮಾರುವ ಡೀಸೆಲ್‌ನ ಸಿಎಫ್‌ಪಿಪಿ -20 ಇರಲೇಬೇಕು. ಬೇಸಿಗೆಯಲ್ಲಿ 0 ಸಾಕು, ನಡುವಿನ ವಾರಗಳಲ್ಲಿ -10. ಯುರೋಪಿನ ಇಎನ್ 590 ಮಾನಕದಲ್ಲಿ ಇನ್ನೂ ಕೆಳಗಿನ ದರ್ಜೆಗಳಿವೆ, ಉತ್ತರದ ಹಿಮದೇಶಗಳಿಗೆ ಅಂತ -44 ತನಕ. ಹೀಗಿದ್ದೂ ನಾನು ಒಮ್ಮೆ ಸಿಕ್ಕಿಹಾಕಿಕೊಂಡೆ. ರಜೆಗೆ ಇಟಲಿ ಕಡೆ ತಗ್ಗಿನಲ್ಲಿ ಸುತ್ತಾಡಿ, ಅಲ್ಲೇ ಟ್ಯಾಂಕ್ ಫುಲ್ ಮಾಡಿಕೊಂಡು ಸಂಜೆ ಆಲ್ಪ್ಸ್ ಹತ್ತಿ ಒಂದು ಹಳ್ಳಿಯಲ್ಲಿ ಉಳಿದೆವು. ಬೆಳಿಗ್ಗೆ ಎದ್ದಾಗ ಹೊರಗೆ -19. ಕಾರ್ ಸ್ಟಾರ್ಟ್ ಆಯಿತು, ಮಕ್ಕಳು ಹತ್ತಿದರು, ತಿರುವಿನಲ್ಲಿ ನಿಂತಿತು. ಆ ಮನೆಯ ಮುದುಕ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದ, ಡೀಸೆಲ್ ಎಲ್ಲಿ ಹಾಕಿಸಿದೆ ಅಂತ. ಹೇಳಿದೆ. ‘ಹಾಂ’ ಅಂದು ಹೋಗಿ ತನ್ನ ಟ್ರಾಕ್ಟರ್ ತಂದ. ನಾವು ಕಾರನ್ನು ಅವನ ಕೊಟ್ಟಿಗೆಗೆ ಎಳೆದು, ಹಸುಗಳ ಪಕ್ಕ ಮಧ್ಯಾಹ್ನದವರೆಗೆ ನಿಲ್ಲಿಸಿದೆವು. ಹಸುಗಳಿಂದಲೇ ಕೊಟ್ಟಿಗೆ ಬೆಚ್ಚಗಿತ್ತು! ಎರಡು ಗಂಟೆಗೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು.

ನಿಮ್ಮ ಸ್ಪಿತಿ ದಾರಿಯೂ ಅದೇ ಕಥೆ ಅಲ್ವಾ? ತಗ್ಗಿನ ಡೀಸೆಲ್ ಹೊತ್ತುಕೊಂಡು ಎತ್ತರಕ್ಕೆ ಹೋಗಿ ರಾತ್ರಿ ಕಳೆಯುವುದು. ಹಾಗಾಗಿ ಕೆಳಗೆ ಕಡಿಮೆ ತುಂಬಿಸಿ, ಮೇಲೆ ಜಾಸ್ತಿ ತುಂಬಿಸಿ.

ಇನ್ನೊಂದು. ಇಲ್ಲಿನ ಹಳೆಯ ಕಾರುಗಳ ಪುಸ್ತಕದಲ್ಲಿ ಚಳಿಗೆ ಸ್ವಲ್ಪ ಪೆಟ್ರೋಲ್ ಬೆರೆಸಬಹುದು ಅಂತ ಬರೆದಿರುತ್ತಿತ್ತು. ಯಾರಾದರೂ ಹಿರಿಯರು ಅದನ್ನು ನೆನಪಿಸಿಕೊಂಡು ನಿಮಗೆ ಹೇಳಿದರೆ ಕೇಳಬೇಡಿ, ಗ್ರೀಸ್ ಕೈ ಅವರು ಸೀಮೆಎಣ್ಣೆಗೆ ಹೇಳಿದ್ದೆಲ್ಲ ಪೆಟ್ರೋಲಿಗೆ ಎರಡರಷ್ಟು ಅನ್ವಯ.

ವಿನ್ನಿಪೆಗ್_ವೀರಭದ್ರ

-19ಕ್ಕೆ ಇಷ್ಟು ಕಥೆಯಾ 😀 ಇಲ್ಲಿ ಕೆನಡಾದಲ್ಲಿ -35 ಬಂದಾಗ ಪಾರ್ಕಿಂಗ್ ಜಾಗದಲ್ಲೇ ಕರೆಂಟ್ ಸಾಕೆಟ್ ಇರುತ್ತದೆ. ರಾತ್ರಿ ಮಲಗುವ ಮುಂಚೆ ಮೊಬೈಲ್ ಚಾರ್ಜ್‌ಗೆ ಹಾಕಿದ ಹಾಗೆ ಕಾರನ್ನೂ ಪ್ಲಗ್‌ಗೆ ಹಾಕುತ್ತೇವೆ, ಒಳಗೆ ಬ್ಲಾಕ್ ಹೀಟರ್ ಇರುತ್ತದೆ, ಇಂಜಿನ್ ಬೆಚ್ಚಗೆ ಇಡುತ್ತದೆ. ಟ್ಯಾಂಕಿನ ಡೀಸೆಲ್‌ಗೆ ಅದರಿಂದ ಉಪಯೋಗವಿಲ್ಲ, ಅದಕ್ಕೆ ಚಳಿಗಾಲದ ಡೀಸೆಲ್ಲೇ ಬೇಕು. ಸ್ಪಿತಿಯಲ್ಲಿ ಸಾಕೆಟ್ ಸಿಗದು, ಸುಮ್ನೆ ಹೊಟ್ಟೆ ಉರಿಸೋಣ ಅಂತ ಬರೆದೆ.

ಕುಡ್ಲದ_ಕೆಮಿಸ್ಟ್

ಅಲೆಮಾರಿಯವರೇ, ಕಾಜಾ ತಲುಪುವುದು ಹೇಗೆ ಅಂತ ಕೇಳಿದ್ದಿರಿ. ಸಿಕ್ಕಿರುವ ಮಾಹಿತಿ ಎಲ್ಲ ಸೇರಿಸಿ ಲೆಕ್ಕ ಹಾಕೋಣ.

ಪಿಯೋದಿಂದ ಕಾಜಾ ಸುಮಾರು 200 ಕಿಲೋಮೀಟರ್. ಆ ಘಾಟಿಯಲ್ಲಿ ಲೀಟರಿಗೆ ಹತ್ತು ಕೊಟ್ಟರೂ 20 ಲೀಟರ್ ಸಾಕು. ದಾರಿ ಮುಚ್ಚಿದರೆ, ಹಿಂದೆ ಬರಬೇಕಾದರೆ ಅಂತ ಇನ್ನೊಂದು 15 ಸೇರಿಸಿ. ಅಂದರೆ ಪಿಯೋ ಬಿಡುವಾಗ 35 ಲೀಟರ್ ಇರಲಿ, ಫುಲ್ ಬೇಡ. ಕಾಜಾದಲ್ಲಿ ಕೆಳಗಿನ ಡೀಸೆಲ್ ಎಷ್ಟು ಕಡಿಮೆ ಉಳಿದಿರುತ್ತದೋ ಅಷ್ಟು ಒಳ್ಳೆಯದು. -33 ಡೀಸೆಲ್‌ಗೆ ಮೈದಾನದ್ದು ಅರ್ಧ ಬೆರೆತರೆ ನಿಮಗೆ -33 ಸಿಗುವುದಿಲ್ಲ, ಮೇಣ ತನ್ನ ಪಾಲಿನ ಕೆಲಸ ಮಾಡಿಯೇ ಮಾಡುತ್ತದೆ. ತುಂಬಿದ ಟ್ಯಾಂಕ್ ನಿಧಾನವಾಗಿ ತಣ್ಣಗಾಗುತ್ತದೆ, ಖಾಲಿ ಜಾಗದಲ್ಲಿ ಇಬ್ಬನಿ ಕಟ್ಟಿ ನೀರಾಗುತ್ತದೆ, ಹಾಗಾಗಿ ಫುಲ್ ಇಡಿ ಅನ್ನುವವರೂ ಇದ್ದಾರೆ. ಅವರ ಮಾತೂ ತಪ್ಪಲ್ಲ, ಆದರೆ ಒಳ್ಳೆಯ ಡೀಸೆಲ್ ತುಂಬಿಸಿದ ಮೇಲೆ ಫುಲ್ ಇಡಿ. ಕಾಜಾ ಬಿಟ್ಟ ಮೇಲೆ ಅದನ್ನೇ ಪಾಲಿಸಿ. ಅಲ್ಲಿನ ಬಂಕ್‌ನಲ್ಲಿ ಸ್ಟಾಕ್ ಇದೆಯಾ, ಯಾವ ಡೀಸೆಲ್ ಅಂತ ಹೋಮ್‌ಸ್ಟೇ ಮಾಲೀಕರಿಂದ ಮೊದಲೇ ಫೋನ್ ಮಾಡಿ ಕೇಳಿಸಿ, ನಂಬಿಕೊಂಡು ಹೋಗಬೇಡಿ.

ಉಳಿದದ್ದು ನಾಕೋ, ಟಾಬೋ ರಾತ್ರಿಗಳು. ಇಲ್ಲಿ ಒಂದು ಉಪಾಯ ಇದೆ, ಆಂಟಿ-ಜೆಲ್ ಅಂತ ಮಾರುವ ಡೀಸೆಲ್ ಅಡಿಟಿವ್. ಬಿಎಸ್-6ಗೆ ಆಗುತ್ತದೆ ಅಂತ ಬರೆದಿರುವುದನ್ನೇ ತಗೊಳ್ಳಿ. ಅದು ಮೇಣವನ್ನು ಕರಗಿಸುವುದಿಲ್ಲ ಅನ್ನುವುದನ್ನು ತಿಳಿದುಕೊಂಡಿರಬೇಕು. ಹರಳು ಹುಟ್ಟುವಾಗಲೇ ಅದರ ಜೊತೆ ಸೇರಿಕೊಂಡು ಹರಳು ದೊಡ್ಡದಾಗದ ಹಾಗೆ, ಒಂದಕ್ಕೊಂದು ಅಂಟದ ಹಾಗೆ ಮಾಡುತ್ತದೆ. ಡೀಸೆಲ್ ಮಂಕಾಗಿಯೇ ಇರುತ್ತದೆ, ಆದರೆ ಫಿಲ್ಟರ್ ದಾಟುತ್ತದೆ. (ಇಂಥ ಅಡಿಟಿವ್‌ಗಳಲ್ಲಿ ಬಹಳ ಬಳಕೆಯಾಗುವ ಇವಿಎ ಅನ್ನುವ ಪಾಲಿಮರ್ ಕುಲದವರೇ ನಮ್ಮ ಹಗುರ ಚಪ್ಪಲಿಯ ಅಟ್ಟೆಯಲ್ಲೂ ಇರುವುದು!) ಹಾಗಾಗಿ ಡೀಸೆಲ್ ಇನ್ನೂ ತಿಳಿಯಾಗಿ, ಬೆಚ್ಚಗೆ ಇರುವಾಗಲೇ ಹಾಕಬೇಕು. ರಾಂಪುರದಲ್ಲಿ ಹಾಕಿ, ಅದರ ಮೇಲೆ ಡೀಸೆಲ್ ತುಂಬಿಸಿ, ಕುಲುಕಿಕೊಂಡು ಬೆರೆಯಲಿ. ನಾಕೋದಲ್ಲಿ ಬೆಳಿಗ್ಗೆ ಗಾಡಿ ನಿಂತ ಮೇಲೆ ಟ್ಯಾಂಕಿಗೆ ಸುರಿದರೆ ಅದು ದೇವರಿಗೆ ಅಭಿಷೇಕ ಮಾಡಿದ ಹಾಗೆ, ಪುಣ್ಯ ಬರಬಹುದು, ಗಾಡಿ ಹೊರಡುವುದಿಲ್ಲ.

ಆದರೂ ಕಟ್ಟಿಕೊಂಡರೆ ಫಿಲ್ಟರ್ ಸುತ್ತ ಬಟ್ಟೆ ಸುತ್ತಿ ಬಿಸಿನೀರು ಹಾಕುತ್ತಾ ಬನ್ನಿ, ವೈರಿಂಗ್ ಮೇಲೆ ಬೀಳದ ಹಾಗೆ. ಬೆಂಕಿ ಬೇಡ ಅಂತ ಅಜ್ಜ ಆಗಲೇ ಹೇಳಿದ್ದಾರೆ. ಫಿಲ್ಟರ್ ಬಿಸಿಯಾಗಿ ಇಂಜಿನ್ ಹತ್ತು ನಿಮಿಷ ಓಡಿದರೆ ಅನೇಕ ಗಾಡಿಗಳಲ್ಲಿ ಬಿಸಿ ಡೀಸೆಲ್ ವಾಪಸ್ ಪೈಪಿನಿಂದ ಟ್ಯಾಂಕಿಗೆ ಬಂದು ಉಳಿದದ್ದನ್ನೂ ನಿಧಾನವಾಗಿ ಬೆಚ್ಚಗೆ ಮಾಡುತ್ತದೆ.

ನಿಮ್ಮ ಗಾಡಿಗೆ ಆಡ್‌ಬ್ಲೂ (ಹೊಗೆ ಶುದ್ಧ ಮಾಡಲು ಹಾಕುವ ದ್ರವ) ಟ್ಯಾಂಕ್ ಇದ್ದರೆ ಅದು -11ಕ್ಕೇ ಹೆಪ್ಪುಗಟ್ಟುತ್ತದೆ, ಮೂರನೇ ಒಂದು ಭಾಗ ಯೂರಿಯಾ, ಉಳಿದದ್ದು ನೀರು ತಾನೇ. ಗಾಬರಿಯಾಗಬೇಡಿ, ಅದಕ್ಕೆ ಹೀಟರ್ ಇಟ್ಟಿರುತ್ತಾರೆ, ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತಾ ಓಡುತ್ತಾ ಕರಗುತ್ತದೆ. ಕಂಠದವರೆಗೆ ತುಂಬಿಸಬೇಡಿ, ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ.

ಬಯಲುಸೀಮೆ_ಬಸಣ್ಣ

ಕೆಮಿಸ್ಟ್ ಸಾರ್, ಒಂದು ಅಡ್ಡ ಪ್ರಶ್ನೆ. ನಮ್ಮ ಕಡೆ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುತ್ತಾರಲ್ಲ, ನಮ್ಮ ಹೊಲದ ಬದುವಿನಲ್ಲೂ ಹತ್ತು ಹೊಂಗೆ ಮರ ಇವೆ. ಅದು ಚಳಿಗೆ ಹೇಗೆ?

ಕುಡ್ಲದ_ಕೆಮಿಸ್ಟ್

ನಮ್ಮ ಹೊಲಕ್ಕೆ ಚೆನ್ನ, ಹಿಮಾಲಯಕ್ಕೆ ಅಲ್ಲ. ಬಯೋಡೀಸೆಲ್ ಸಾಮಾನ್ಯವಾಗಿ ಮಾಮೂಲಿ ಡೀಸೆಲ್‌ಗಿಂತ ಬೇಗ ಮಂಕಾಗುತ್ತದೆ. ಯಾವ ಎಣ್ಣೆಯಿಂದ ಮಾಡಿದ್ದು ಅನ್ನುವುದರ ಮೇಲೆ ಹೋಗುತ್ತದೆ, ತಾಳೆ ಎಣ್ಣೆಯದು ಎಲ್ಲಕ್ಕಿಂತ ಬೇಗ ಗಟ್ಟಿಯಾಗುವ ಪೈಕಿ, ಹತ್ತು ಹದಿನೈದು ಡಿಗ್ರಿಗೇ ಮಂಕು. ಅಮೆರಿಕದ ಮಿನ್ನೆಸೋಟದಲ್ಲಿ ಬೇಸಿಗೆಯಲ್ಲಿ ಡೀಸೆಲ್‌ಗೆ 20 ಶೇಕಡಾ ಬಯೋಡೀಸೆಲ್ ಬೆರೆಸುವವರು ಚಳಿಗಾಲ ಬಂತು ಅಂದರೆ 5ಕ್ಕೆ ಇಳಿಸುತ್ತಾರೆ, ಅದಕ್ಕೇ. ಆ -33 ಡೀಸೆಲ್‌ನಲ್ಲೂ 5 ಶೇಕಡಾ ಬಯೋಡೀಸೆಲ್ ಇದೆ, ಅದಿದ್ದೂ ಅಷ್ಟು ಕೆಳಗೆ ಇಳಿಸಿರುವುದು ನನಗಂತೂ ಮೆಚ್ಚುಗೆಯ ಕೆಲಸ.

ಹುಬ್ಬಳ್ಳಿ_ಅಲೆಮಾರಿ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಭಾನುವಾರ ಒಂದು ಕೆಲಸ ಮಾಡಿದೆ. ಕುಲ್ಫಿ ಗಾಡಿಯವರು ಐಸ್‌ಗೆ ಉಪ್ಪು ಹಾಕುತ್ತಾರಲ್ಲ, ಅದೇ ನೆನಪಾಗಿ ಒಂದು ಬಕೆಟ್ ಐಸ್ ತಂದು ಕಲ್ಲುಪ್ಪು ಸುರಿದು, ಸಣ್ಣ ಗಾಜಿನ ಬಾಟಲಿಯಲ್ಲಿ ನಮ್ಮೂರಿನ ಬಂಕ್ ಡೀಸೆಲ್ ಹಾಕಿ ಹಿತ್ತಲಲ್ಲಿ ಇಟ್ಟೆ. ಥರ್ಮಾಮೀಟರ್ ಇರಲಿಲ್ಲ. ಸ್ವಲ್ಪ ಹೊತ್ತಿಗೆ ತಿಳಿಯಾಗಿದ್ದ ಡೀಸೆಲ್ ಮಜ್ಜಿಗೆ ನೀರಿನ ಹಾಗೆ ಮಂಕಾಯಿತು, ಆಮೇಲೆ ಬಾಟಲಿ ಬಗ್ಗಿಸಿದರೆ ಮರಳು ಮರಳಾದ ತುಪ್ಪದ ಹಾಗೆ ನಿಧಾನಕ್ಕೆ ಜರುಗಿತು. ಅವ್ವ ಬಂದು ನೋಡಿ, ಇದನ್ನು ಹಾಕಿಕೊಂಡು ಹಿಮಾಲಯಕ್ಕೆ ಹೋಗುತ್ತೀಯಾ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಪ್ಲಾನ್ ಬದಲಾಗಿದೆ. ನಾಕೋದಲ್ಲಿ ಉಳಿಯುವುದಿಲ್ಲ. ಪಿಯೋ ಪಕ್ಕದ ಕಲ್ಪಾದಲ್ಲೇ ಎರಡು ರಾತ್ರಿ ಇದ್ದು ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ಟಾಬೋದಲ್ಲಿ ಒಂದೇ ರಾತ್ರಿ, ಮಾರನೆಯ ದಿನ ಕಾಜಾ. ಟಾಬೋ ಹೋಮ್‌ಸ್ಟೇಗೆ ಫೋನ್ ಮಾಡಿದ್ದೆ, ಗಾಡಿಗೆ ಮುಚ್ಚಿದ ಜಾಗ ಇದೆಯಾ ಅಂತ ಕೇಳಿದ್ದಕ್ಕೆ ಆತ ನಕ್ಕು, ದನದ ಕೊಟ್ಟಿಗೆ ಪಕ್ಕದ ಗೋಡೆ ಮರೆ ಇದೆ ಅಂದರು. ಶಾನುಭೋಗರೇ, ನಿಮ್ಮ ಹಸುಗಳು ನೆನಪಾದವು! ಫಿಲ್ಟರ್ ಎರಡು ತಂದಿದ್ದೇನೆ, ಬ್ಯಾಟರಿ ಬದಲಾಯಿತು, ಹೀಟರ್ ಪ್ಲಗ್ ಚೆಕ್ ಮಾಡಿಸಿದಾಗ ಒಂದು ಸತ್ತಿತ್ತು, ಗ್ರೀಸ್ ಕೈ ಅವರು ಹೇಳಿದ ಹಾಗೇ.

ನಿವೃತ್ತ_ಸಾರಥಿ_ಗದಗ

ಒಂದೇ ಸತ್ತಿತ್ತಾ, ಪುಣ್ಯವಂತ. ತಮ್ಮಾ, ಗೋಡೆಯ ಯಾವ ಕಡೆ ಬಿಸಿಲು ಬೀಳುತ್ತದೆ ಅಂತ ಮಲಗುವ ಮುಂಚೆ ಅವರನ್ನು ಕೇಳು. ಬಂದ ಮೇಲೆ ಫೋಟೊ ಹಾಕು, ಮೊಮ್ಮಗಳು ತೋರಿಸುತ್ತಾಳೆ.